ಆರೋಗ್ಯಕ್ಕಾಗಿ ಚಾಕೊಲೇಟ್: ಅಂಗಡಿಯ ಬಾರ್‌ನಿಂದ ತೋಟದ ಕೋಕೋ ಕಷಾಯದವರೆಗೆ, ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಕಾಳುಮೆಣಸು, ಏಲಕ್ಕಿ, ಬಾಳೆಯ ಜೊತೆಗೆ ಅಲ್ಲಲ್ಲಿ ಕೋಕೋ ಗಿಡಗಳೂ ಇವೆ. ಕಾಯಿ ಹಳದಿಯಾದಾಗ ಕೊಯ್ದು, ಒಡೆದು, ಹಸಿಬೀಜವನ್ನು ಚೀಲಕ್ಕೆ ತುಂಬಿ ಮಾರಿಬಿಡುತ್ತೇವೆ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಈ ಬೀಜಕ್ಕೆ ನಮ್ಮ ಭಾಗದಲ್ಲೇ ಒಂದು ಮಾರುಕಟ್ಟೆ ಸಿಕ್ಕಿತು. ಆದರೆ ಬೆಳೆಯುವ ಮನೆಯಲ್ಲಿ ಕೋಕೋ ಬಳಕೆ ಇಂದಿಗೂ ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳು ಬೀಜದ ಮೇಲಿನ ಬಿಳಿ ತಿರುಳನ್ನು ಚೀಪಿ ಉಗುಳುತ್ತಾರೆ, ಅಷ್ಟೇ.

ಇತ್ತ ಮೊಬೈಲಿನಲ್ಲಿ ದಿನಕ್ಕೊಂದು ಸಂದೇಶ: ಡಾರ್ಕ್ ಚಾಕೊಲೇಟ್ ತಿಂದರೆ ಬಿಪಿ ಇಳಿಯುತ್ತದೆ, ಹೃದಯಕ್ಕೆ ಒಳ್ಳೆಯದು, ಶುಗರ್‌ಗೂ ಒಳ್ಳೆಯದು. ಮನೆಯ ಹಿರಿಯರನ್ನು ಕೇಳಿದರೆ ಚಾಕ್ಲೇಟು ಹಲ್ಲಿಗೂ ಕೆಟ್ಟದ್ದು, ಹೊಟ್ಟೆಗೂ ಕೆಟ್ಟದ್ದು ಎನ್ನುತ್ತಾರೆ. ಎರಡೂ ಕಡೆ ಸತ್ಯವಿದೆ, ಏಕೆಂದರೆ ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಪದಾರ್ಥದ ಬಗ್ಗೆ. ಗುಣ ಇರುವುದು ಕೋಕೋ ಬೀಜದಲ್ಲಿ. ಅಂಗಡಿಯ ಬಾರ್‌ನಲ್ಲಿ ಆ ಬೀಜ ಎಷ್ಟು ಉಳಿದಿದೆ, ಅದರ ಜೊತೆ ಏನೇನು ಸೇರಿದೆ ಎಂದು ನೋಡಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಅಳತೆ ಮತ್ತು ಅಭ್ಯಾಸದ ವಿಷಯ.

ಹಂತ 1: ಕೋಕೋದಿಂದ ಏನು ಸಿಗುತ್ತದೆ, ಎಷ್ಟು ಸಿಗುತ್ತದೆ

ಕೋಕೋ ಬೀಜದ ಕಹಿ-ಒಗರಿನಲ್ಲಿ ಫ್ಲೇವನಾಲ್ ಎಂಬ ಅಂಶಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಎಪಿಕ್ಯಾಟೆಚಿನ್. ಇದು ರಕ್ತನಾಳಗಳ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಾಗಲು ನೆರವಾಗುತ್ತದೆ. ನೈಟ್ರಿಕ್ ಆಕ್ಸೈಡ್ ಇದ್ದಾಗ ನಾಳದ ಸ್ನಾಯು ಸಡಿಲವಾಗಿ ರಕ್ತ ಸಲೀಸಾಗಿ ಹರಿಯುತ್ತದೆ. ಬಿಪಿ ಸ್ವಲ್ಪ ಇಳಿಯುವುದು ಈ ದಾರಿಯಿಂದ.

ಆ ‘ಸ್ವಲ್ಪ’ ಎಷ್ಟು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆ 2017ರಲ್ಲಿ 35 ಪ್ರಯೋಗಗಳನ್ನು, ಅಂದರೆ ಸುಮಾರು 1,800 ಜನರ ವಿವರಗಳನ್ನು ಒಟ್ಟಿಗೆ ಪರಿಶೀಲಿಸಿತು. ಫ್ಲೇವನಾಲ್ ಹೆಚ್ಚಿರುವ ಕೋಕೋ ತೆಗೆದುಕೊಂಡವರ ಬಿಪಿ ಸರಾಸರಿ 2 ಪಾಯಿಂಟ್‌ಗಿಂತ ತುಸು ಕಡಿಮೆ ಇಳಿದಿತ್ತು. ಮೊದಲೇ ಬಿಪಿ ಹೆಚ್ಚಿದ್ದವರಲ್ಲಿ ಇಳಿಕೆ ಸುಮಾರು 4 ಪಾಯಿಂಟ್. ಇದು ಮಾತ್ರೆ ಮಾಡುವ ಕೆಲಸವಲ್ಲ. ಡಾಕ್ಟರು ಕೊಟ್ಟ ಬಿಪಿ ಮಾತ್ರೆಯನ್ನು ಚಾಕೊಲೇಟ್ ನಂಬಿ ಬಿಡುವುದು ಅಪಾಯ. ಉಪ್ಪು ಕಡಿಮೆ ಮಾಡುವುದು, ದಿನಾ ನಡೆಯುವುದು, ಇವುಗಳ ಸಾಲಿನಲ್ಲಿ ಕೋಕೋ ಕೂಡ ಒಂದು ಸಣ್ಣ ಸಹಾಯ.

ಹೃದಯದ ವಿಷಯದಲ್ಲಿ ಅತಿ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಕಾಸ್ಮೋಸ್ ಎಂಬ ಆ ಪ್ರಯೋಗದಲ್ಲಿ 21,442 ಮಂದಿ ಹಿರಿಯರಿದ್ದರು. ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಕೊಟ್ಟರು, ಉಳಿದವರಿಗೆ ಫ್ಲೇವನಾಲ್ ಇಲ್ಲದ ಖಾಲಿ ಕ್ಯಾಪ್ಸೂಲ್. 2022ರಲ್ಲಿ ಬಂದ ಫಲಿತಾಂಶದಲ್ಲಿ ಹೃದಯ-ರಕ್ತನಾಳದ ಒಟ್ಟು ತೊಂದರೆಗಳು ಶೇ 10ರಷ್ಟು ಕಡಿಮೆ ಕಂಡವು. ಆದರೆ ಅದು ಆಕಸ್ಮಿಕವೂ ಇರಬಹುದಾದಷ್ಟು ಸಣ್ಣ ವ್ಯತ್ಯಾಸ. ಹೃದಯ-ರಕ್ತನಾಳದ ಕಾಯಿಲೆಯಿಂದ ಆದ ಸಾವುಗಳು ಮಾತ್ರ ಶೇ 27ರಷ್ಟು ಕಡಿಮೆ ಇದ್ದವು. ಆಶಾದಾಯಕ ಸುದ್ದಿಯೇ. ಆದರೆ ಅವರಿಗೆ ಕೊಟ್ಟದ್ದು ಕ್ಯಾಪ್ಸೂಲ್, ಚಾಕೊಲೇಟ್ ಅಲ್ಲ. ಆ ಪ್ರಮಾಣವನ್ನು ಸಾಮಾನ್ಯ ಬಾರ್‌ನಿಂದ ಪಡೆಯಲು ಹೊರಟರೆ ಜೊತೆಗೆ ಬರುವ ಸಕ್ಕರೆ, ಕೊಬ್ಬು ಬೇರೆಯೇ ತೊಂದರೆ ತರುತ್ತವೆ.

ಸಕ್ಕರೆ ಕಾಯಿಲೆಯ ಬಗ್ಗೆ 2024ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾರ್ವರ್ಡ್‌ನವರ ಅಧ್ಯಯನವೊಂದು ಬಂತು. ವಾರಕ್ಕೆ ಐದು ಸಲ ಅಥವಾ ಹೆಚ್ಚು ಡಾರ್ಕ್ ಚಾಕೊಲೇಟ್ ತಿನ್ನುವವರಲ್ಲಿ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಶೇ 21ರಷ್ಟು ಕಡಿಮೆ ಕಂಡಿತು. ಹಾಲಿನ ಚಾಕೊಲೇಟ್ ತಿನ್ನುವವರಲ್ಲಿ ಅಂಥ ಲಾಭ ಏನೂ ಕಾಣಲಿಲ್ಲ, ವರ್ಷ ಕಳೆದಂತೆ ಅವರ ತೂಕ ಏರಿತ್ತು. ಇದು ಜನರ ಆಹಾರವನ್ನು ವರ್ಷಗಟ್ಟಲೆ ಗಮನಿಸಿ ಬರೆದದ್ದು, ಕೊಟ್ಟು ನೋಡಿದ್ದಲ್ಲ. ಡಾರ್ಕ್ ಚಾಕೊಲೇಟ್ ತಿನ್ನುವವರು ಬೇರೆ ವಿಷಯಗಳಲ್ಲೂ ಆರೋಗ್ಯದ ಕಡೆ ಗಮನ ಕೊಡುವವರಾಗಿರಬಹುದು. ಹಾಗಾಗಿ ಈಗಾಗಲೇ ಶುಗರ್ ಇರುವವರು ಇದನ್ನು ಔಷಧಿ ಎಂದುಕೊಳ್ಳಬಾರದು. ಆದರೆ ಡಾರ್ಕ್‌ಗೂ ಹಾಲಿನದಕ್ಕೂ ಇರುವ ಆ ಅಂತರ ಮುಖ್ಯ. ಈ ಇಡೀ ಮಾರ್ಗದರ್ಶಿ ನಿಂತಿರುವುದೇ ಆ ಅಂತರದ ಮೇಲೆ.

ಮನಸ್ಸಿಗೆ ಉಲ್ಲಾಸ, ನೆನಪಿನ ಶಕ್ತಿ, ಚರ್ಮದ ಹೊಳಪು ಎಂದೆಲ್ಲ ಹೇಳುವುದಕ್ಕೆ ಆಧಾರ ಇನ್ನೂ ತೆಳು. ತಿಂದಾಗ ಖುಷಿಯಾಗುವುದು ನಿಜ, ಆ ಖುಷಿಗೆ ಬೇರೆ ಸಮರ್ಥನೆ ಬೇಕಿಲ್ಲ.

ಹಂತ 2: ಅಂಗಡಿಯಲ್ಲಿ ಬಾರ್ ತಿರುಗಿಸಿ ಓದಿ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಿರಲಿ, ದುರ್ಗಿಗುಡಿಯ ಬೇಕರಿಯಿರಲಿ, ಚಾಕೊಲೇಟ್ ಕೈಗೆತ್ತಿಕೊಂಡಾಗ ಮುಂಭಾಗದ ಚಿತ್ರ ನೋಡಬೇಡಿ. ಕಪ್ಪು ಕಾಗದ, ಚಿನ್ನದ ಅಕ್ಷರ, ‘ಡಾರ್ಕ್’ ಎಂಬ ಹೆಸರು, ಇವು ಯಾವುದರಿಂದಲೂ ಒಳಗಿನದು ಗೊತ್ತಾಗುವುದಿಲ್ಲ. ಹಿಂಭಾಗದ ಸಣ್ಣ ಅಕ್ಷರ ಓದಿ, ಬೇಕಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿಕೊಂಡು ಓದಿ.

ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು ಬರುತ್ತದೆ. ಹಾಗಾಗಿ ಮೊದಲ ಪದವೇ ನಿಮ್ಮ ಉತ್ತರ. ‘ಸಕ್ಕರೆ’ ಎಂದು ಶುರುವಾದರೆ ನೀವು ಹಿಡಿದಿರುವುದು ಕೋಕೋ ರುಚಿಯ ಸಕ್ಕರೆ. ‘ಕೋಕೋ ಮಾಸ್’, ‘ಕೋಕೋ ಸಾಲಿಡ್ಸ್’ ಅಥವಾ ‘ಕೋಕೋ ಬೀನ್ಸ್’ ಎಂದು ಶುರುವಾದರೆ ಮುಂದೆ ಓದಲು ಯೋಗ್ಯ.

ಆಮೇಲೆ ಶೇಕಡಾವಾರು. ಶೇ 70 ಅಥವಾ ಹೆಚ್ಚಿರಲಿ. ಈ ಅಂಕಿಯ ಬಗ್ಗೆ ಒಂದು ಎಚ್ಚರ: ಅದರಲ್ಲಿ ಕೋಕೋ ಬೆಣ್ಣೆಯೂ ಸೇರಿರುತ್ತದೆ, ಫ್ಲೇವನಾಲ್ ಇರುವುದು ಬೆಣ್ಣೆಯಲ್ಲಲ್ಲ, ಕಂದು ಭಾಗದಲ್ಲಿ. ಒಂದೇ ಶೇಕಡಾವಾರಿನ ಎರಡು ಬಾರ್‌ಗಳಲ್ಲಿ ಫ್ಲೇವನಾಲ್ ಬೇರೆ ಬೇರೆ ಇರಬಹುದು. ಕಂಪನಿಗಳು ಅದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಹಾಗಾಗಿ ಶೇಕಡಾವಾರು ಅಂದಾಜಿಗೆ ಮಾತ್ರ. ಬಿಳಿ ಚಾಕೊಲೇಟ್‌ನಲ್ಲಿ ಇರುವುದು ಕೋಕೋ ಬೆಣ್ಣೆ, ಹಾಲು, ಸಕ್ಕರೆ. ಅದು ಸಿಹಿತಿಂಡಿ, ಈ ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದಾಗಿ ಕೊಬ್ಬು ಯಾವುದು ಎಂದು ನೋಡಿ. ‘ಕೋಕೋ ಬಟರ್’ ಮಾತ್ರ ಇದ್ದರೆ ಒಳ್ಳೆಯದು. ಅದರ ಕೊಬ್ಬಿನಲ್ಲಿ ಸುಮಾರು ಮೂರನೇ ಒಂದು ಭಾಗ ಸ್ಟಿಯರಿಕ್ ಆಮ್ಲ, ಸ್ಯಾಚುರೇಟೆಡ್ ಕೊಬ್ಬಾದರೂ ಅದು ಕೆಟ್ಟ ಕೊಲೆಸ್ಟ್ರಾಲನ್ನು ಅಷ್ಟಾಗಿ ಏರಿಸುವುದಿಲ್ಲ. ‘ವೆಜಿಟೆಬಲ್ ಫ್ಯಾಟ್’, ‘ಹೈಡ್ರೋಜನೇಟೆಡ್’, ‘ಪಾಮ್ ಕರ್ನಲ್’ ಎಂದಿದ್ದರೆ ಅದು ಹೆಚ್ಚಾಗಿ ಕಾಂಪೌಂಡ್, ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿ ಮಾಡಿದ್ದು. ಬೇಕರಿಯ ಕೇಕ್ ಮೇಲಿನ ಪದರ, ಮನೆಯಲ್ಲಿ ಮಾಡಿದ್ದೆಂದು ಮಾರುವ ಬಣ್ಣದ ಕಾಗದದ ಚಾಕೊಲೇಟ್‌ಗಳು ಬಹುಪಾಲು ಈ ಕಾಂಪೌಂಡ್ ಕರಗಿಸಿ ಅಚ್ಚಿಗೆ ಹೊಯ್ದವು. ಬೇಸಿಗೆಯಲ್ಲೂ ಕೈಗೆ ಅಂಟದೆ ಗಟ್ಟಿಯಾಗಿ ನಿಲ್ಲುತ್ತವೆ ಎಂಬುದು ಅವುಗಳ ಅನುಕೂಲ. ಆರೋಗ್ಯದ ದೃಷ್ಟಿಯಿಂದ ಕೊಳ್ಳುವವರಿಗೆ ಅವು ಬೇಡ.

ಕೊನೆಗೆ ಪೌಷ್ಟಿಕಾಂಶದ ಕೋಷ್ಟಕದಲ್ಲಿ ‘ಸೇರಿಸಿದ ಸಕ್ಕರೆ’ ಎಂಬ ಸಾಲು. 100 ಗ್ರಾಂಗೆ 30 ಗ್ರಾಂ ಒಳಗಿದ್ದರೆ ಸರಿ. ‘ಶುಗರ್ ಫ್ರೀ’ ಎಂದು ಬರೆದದ್ದರಲ್ಲಿ ಹಲವು ಸಲ ಮಾಲ್ಟಿಟಾಲ್ ಎಂಬ ಬದಲಿ ಸಿಹಿ ಇರುತ್ತದೆ. ಅದೂ ರಕ್ತದ ಸಕ್ಕರೆಯನ್ನು ಒಂದಿಷ್ಟು ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಸ್ವಲ್ಪ ಸಕ್ಕರೆಯಿರುವ ಶೇ 85ರ ಬಾರ್ ಅದಕ್ಕಿಂತ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಂತ 3: ಕೋಕೋ ಪುಡಿ ಕೊಳ್ಳುವಾಗ ಕ್ಷಾರ ಇದೆಯೇ ನೋಡಿ

ನನ್ನನ್ನು ಕೇಳಿದರೆ ಬಾರ್‌ಗಿಂತ ಪುಡಿಯೇ ಒಳ್ಳೆಯ ದಾರಿ. ಬೀಜದ ಕೊಬ್ಬನ್ನು ಬಹುಪಾಲು ಹಿಂಡಿ ತೆಗೆದ ಮೇಲೆ ಉಳಿಯುವುದೇ ಪುಡಿ. ಸಕ್ಕರೆ ಇಲ್ಲ, ಕೊಬ್ಬು ಕಡಿಮೆ, ಫ್ಲೇವನಾಲ್ ಸಾಂದ್ರ. ಆದರೆ ಪುಡಿಯಲ್ಲಿ ಎರಡು ಬಗೆ.

ಒಂದು ಸಾದಾ ಪುಡಿ: ತಿಳಿ ಕಂದು, ಮೂಗಿಗೆ ತುಸು ಹುಳಿ, ನಾಲಿಗೆಗೆ ಒಗರು. ಇನ್ನೊಂದನ್ನು ಕ್ಷಾರದಿಂದ ಸಂಸ್ಕರಿಸಿರುತ್ತಾರೆ: ಕಡು ಕಂದು ಅಥವಾ ಕಪ್ಪು, ರುಚಿ ಮೆತ್ತಗೆ, ಹಾಲಿನಲ್ಲಿ ಬೇಗ ಬೆರೆಯುತ್ತದೆ. ಹಾಲೆಂಡಿನಲ್ಲಿ 19ನೇ ಶತಮಾನದಲ್ಲಿ ವ್ಯಾನ್ ಹೌಟೆನ್ ಮನೆತನ ಬಳಕೆಗೆ ತಂದ ವಿಧಾನ ಅದು, ಹಾಗಾಗಿ ಡಚ್ ಕೋಕೋ ಎನ್ನುತ್ತಾರೆ. ಕಹಿ ಹೋಗುವುದರ ಜೊತೆಗೆ ಫ್ಲೇವನಾಲ್ ಕೂಡ ಹೋಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಸಾದಾ ಪುಡಿಯ ಒಂದು ಗ್ರಾಂನಲ್ಲಿ ಸರಾಸರಿ 34.6 ಮಿಲಿಗ್ರಾಂ ಫ್ಲೇವನಾಲ್ ಇತ್ತು. ಹಗುರವಾಗಿ ಕ್ಷಾರ ಹಾಕಿದ್ದರಲ್ಲಿ 13.8, ಗಾಢವಾಗಿ ಹಾಕಿದ್ದರಲ್ಲಿ ಬರೀ 3.9.

ಈ ಅಂಕಿಗಳನ್ನು ಅಡುಗೆಮನೆಯ ಲೆಕ್ಕಕ್ಕೆ ತರೋಣ. ರಕ್ತನಾಳಗಳ ಆರೋಗ್ಯಕ್ಕೆ ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಸಹಾಯಕ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿಕೊಂಡಿದೆ. ಸಾದಾ ಪುಡಿಯಾದರೆ ಸುಮಾರು 6 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ಸಾಕು. ಗಾಢ ಕ್ಷಾರದ ಪುಡಿಯಾದರೆ 50 ಗ್ರಾಂ ಬೇಕು, ಅಷ್ಟು ಯಾರೂ ಕುಡಿಯಲಾರರು.

ಡಬ್ಬಿಯ ಮೇಲೆ ಇದನ್ನು ಹುಡುಕುವುದು ಹೇಗೆ? ಪದಾರ್ಥಗಳಲ್ಲಿ ಕೋಕೋ ಸಾಲಿಡ್ಸ್ ಎಂದಷ್ಟೇ ಇದ್ದರೆ ಬಹುತೇಕ ಸಾದಾ. ‘ಆಸಿಡಿಟಿ ರೆಗ್ಯುಲೇಟರ್’ ಎಂದು ಬರೆದು 500, 501 ಅಥವಾ 524ರಂಥ ಸಂಖ್ಯೆಗಳಿದ್ದರೆ, ಅಥವಾ ‘ಆಲ್ಕಲೈಸ್ಡ್’, ‘ಡಚ್ ಪ್ರೊಸೆಸ್ಡ್’ ಎಂದಿದ್ದರೆ ಕ್ಷಾರ ಬಿದ್ದಿದೆ. ಪುಡಿ ಕಪ್ಪಾದಷ್ಟೂ ಗಟ್ಟಿ ಕೋಕೋ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಅದಕ್ಕೆ ತಿರುಗುಮುರುಗು. ಇನ್ನು ಮಕ್ಕಳು ಎತ್ತರ ಬೆಳೆಯುತ್ತಾರೆಂದು ಮಾರುವ ಚಾಕೊಲೇಟ್ ಪೇಯದ ಪುಡಿಗಳಲ್ಲಿ ಕೋಕೋ ಅತ್ಯಲ್ಪ, ಸಕ್ಕರೆ ಮತ್ತು ಮಾಲ್ಟ್ ಹೆಚ್ಚು. ಅವನ್ನು ಕೋಕೋ ಪುಡಿ ಎಂದುಕೊಂಡು ಕೊಳ್ಳಬೇಡಿ.

ಹಂತ 4: ಎಷ್ಟು, ಯಾವಾಗ, ಯಾವುದರ ಬದಲು

ಬಾರ್ ತಿನ್ನುವುದಾದರೆ ದಿನಕ್ಕೆ 10ರಿಂದ 20 ಗ್ರಾಂ. ಬಾರ್‌ನ ಒಟ್ಟು ತೂಕವನ್ನು ಅದರ ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಚೌಕದ ತೂಕ ಸಿಗುತ್ತದೆ. ಮನೆಗೆ ತಂದ ದಿನವೇ ಮುರಿದು ದಿನದ ಪಾಲುಗಳನ್ನಾಗಿ ಡಬ್ಬಿಗೆ ಹಾಕಿಡಿ. ಇಡೀ ಬಾರ್ ಕೈಯಲ್ಲಿ ಹಿಡಿದು ಟಿ.ವಿ. ಮುಂದೆ ಕೂತರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

20 ಗ್ರಾಂ ಗಟ್ಟಿ ಡಾರ್ಕ್ ಚಾಕೊಲೇಟ್‌ನಲ್ಲಿ ಸುಮಾರು 120 ಕ್ಯಾಲೊರಿ, 5 ಗ್ರಾಂ ಸಕ್ಕರೆ, 2 ಗ್ರಾಂ ನಾರು, 45 ಮಿಲಿಗ್ರಾಂ ಮೆಗ್ನೀಷಿಯಂ ಇರುತ್ತದೆ. ಈ 120 ಕ್ಯಾಲೊರಿ ಎಲ್ಲಿಂದಲೋ ಕಳೆಯಬೇಕು. ಸಂಜೆಯ ಕಾಫಿ ಜೊತೆ ನಾಲ್ಕು ಬಿಸ್ಕತ್ತು, ಜೊತೆಗೆ ಬೇಕರಿಯ ಖಾರ, ಅದರ ಮೇಲೆ ಚಾಕೊಲೇಟ್ ಎಂದಾದರೆ ಲಾಭದ ಮಾತೇ ಇಲ್ಲ. ಬಿಸ್ಕತ್ತಿನ ಬದಲು ಚಾಕೊಲೇಟ್ ಎಂದಾದರೆ ಮಾತ್ರ ಅರ್ಥ. ಹಬ್ಬದ ದಿನ ಹೋಳಿಗೆ, ತೊಡದೇವು ಇದ್ದರೆ ಅದನ್ನೇ ಮನಸಾರೆ ತಿನ್ನಿ, ಅಂದು ಚಾಕೊಲೇಟ್ ಬೇಡ.

ಹೊತ್ತು: ಮಧ್ಯಾಹ್ನದ ಊಟವಾದ ಮೇಲೆ ಅಥವಾ ಸಂಜೆ ಐದರೊಳಗೆ. ಕೆಫೀನ್ ಕಾಫಿಗಿಂತ ತೀರಾ ಕಡಿಮೆ, 20 ಗ್ರಾಂನಲ್ಲಿ ಸುಮಾರು 16 ಮಿಲಿಗ್ರಾಂ. ಆದರೆ ಥಿಯೋಬ್ರೋಮಿನ್ ಎಂಬ ಅದರ ದಾಯಾದಿ 160 ಮಿಲಿಗ್ರಾಂನಷ್ಟಿರುತ್ತದೆ, ನಿದ್ದೆ ಸೂಕ್ಷ್ಮ ಇರುವವರಿಗೆ ರಾತ್ರಿ ತೊಂದರೆ ಕೊಡಬಹುದು. ತಿನ್ನುವಾಗ ಕಚ್ಚಿ ನುಂಗದೆ ಬಾಯಲ್ಲೇ ಕರಗಲು ಬಿಡಿ. ಕೋಕೋ ಬೆಣ್ಣೆ ನಮ್ಮ ಮೈಶಾಖಕ್ಕಿಂತ ತುಸು ಕೆಳಗೇ ಕರಗುತ್ತದೆ, ಹಾಗಾಗಿ ಒಂದು ಚೌಕ ಎರಡು ಮೂರು ನಿಮಿಷ ಉಳಿಯುತ್ತದೆ. ಹಾಲಿನ ಚಾಕೊಲೇಟ್ ರೂಢಿಯಾದವರು ಒಮ್ಮೆಲೇ ಶೇ 85ಕ್ಕೆ ಹಾರಬೇಡಿ. ಶೇ 55, ಆಮೇಲೆ 70, ಹೀಗೆ ಒಂದೊಂದು ಬಾರ್ ಮುಗಿದ ಮೇಲೆ ಏರಿಸಿ.

ಪ್ರಮಾಣ ಮೀರಬಾರದು ಎನ್ನಲು ಇನ್ನೊಂದು ಕಾರಣವಿದೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಗ್ರಾಹಕ ಸಂಸ್ಥೆ 28 ಡಾರ್ಕ್ ಚಾಕೊಲೇಟ್ ಬಾರ್‌ಗಳನ್ನು ಪರೀಕ್ಷಿಸಿತು. ದಿನಕ್ಕೆ ಒಂದು ಔನ್ಸ್ (ಸುಮಾರು 28 ಗ್ರಾಂ) ತಿಂದರೂ ಸೀಸ ಅಥವಾ ಕ್ಯಾಡ್ಮಿಯಂ ಚಿಂತೆಗೀಡುಮಾಡುವ ಮಟ್ಟಕ್ಕೆ ಹೋಗಬಹುದಾದ ಬಾರ್‌ಗಳು ಅದರಲ್ಲಿ 23. ಕ್ಯಾಡ್ಮಿಯಂ ಗಿಡದ ಬೇರಿನ ಮೂಲಕ ಮಣ್ಣಿನಿಂದ ಬರುತ್ತದೆ. ಸೀಸ ಹೆಚ್ಚಾಗಿ ಸೇರುವುದು ಬೀಜ ಒಣಗುವಾಗ ಬೀಳುವ ಧೂಳಿನಿಂದ. ಸಣ್ಣ ಮಕ್ಕಳು ಮತ್ತು ಗರ್ಭಿಣಿಯರು ದಿನಾ ತಿನ್ನದೆ ವಾರಕ್ಕೆ ಒಂದೆರಡು ಸಲ ತಿಂದರೆ ಸಾಕು. ಉಳಿದವರೂ ಒಂದೇ ಕಂಪನಿಗೆ ಅಂಟಿಕೊಳ್ಳದೆ ಬದಲಾಯಿಸುತ್ತಿರಿ.

ಹಂತ 5: ತೋಟದಲ್ಲಿ ಕೋಕೋ ಇದ್ದರೆ ಮನೆಯಲ್ಲೇ ಕೋಕೋ ಉಂಡೆ

ಗಿಡ ಇರುವವರು ವರ್ಷಕ್ಕೆ ಒಂದು ಸಲವಾದರೂ ಈ ಕೆಲಸ ಮಾಡಿ ನೋಡಬೇಕು ಎಂಬುದು ನನ್ನ ಆಸೆ. ಸಕ್ಕರೆ, ಕ್ಷಾರ, ವನಸ್ಪತಿ, ರಸ್ತೆಯ ಧೂಳು ಯಾವುದೂ ಇಲ್ಲದ ಕೋಕೋ ಸಿಗುವುದು ನಿಮ್ಮ ಕೈಯಿಂದಲೇ.

ಹೊತ್ತು ಮುಖ್ಯ. ಏಪ್ರಿಲ್ ಮತ್ತು ಮೇ ಮೊದಲ ವಾರಗಳ ಕೊಯ್ಲು ಹಿಡಿಯಿರಿ. ಮಳೆಗಾಲದ ಬೀಜ ನಮ್ಮ ಕಡೆ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಅದನ್ನು ಹಸಿಯಾಗಿಯೇ ಮಾರುವುದು ಸರಿ. ಮಳೆ ಹೋದ ಮೇಲೆ ಬರುವ ಕಾಯಿಯಲ್ಲೂ ಮಾಡಬಹುದು. ಆದರೆ ಅಡಿಕೆಗೆ ಕೊಳೆರೋಗಕ್ಕೆಂದು ಹೊಡೆದ ಬೋರ್ಡೋ ದ್ರಾವಣ ಕೆಳಗಿನ ಕೋಕೋ ಕಾಯಿಯ ಮೇಲೂ ಬಿದ್ದು ನೀಲಿ ಕಲೆ ಕಟ್ಟಿರುತ್ತದೆ. ಒಡೆಯುವ ಮೊದಲು ಕಾಯಿಯನ್ನು ಉಜ್ಜಿ ತೊಳೆಯಲೇಬೇಕು.

ಪೂರ್ತಿ ಹಳದಿಯಾದ ಕಾಯಿ ಮಾತ್ರ ಕೊಯ್ಯಿರಿ. ಅಳಿಲು, ಇಲಿ ತೂತು ಮಾಡಿದ್ದು, ಕಪ್ಪುಕೊಳೆ ಬಂದದ್ದು ಬೇಡ. ಕತ್ತಿಯಲ್ಲಿ ಕಡಿದರೆ ಬೀಜಕ್ಕೂ ಗಾಯವಾಗಿ ಬೂಸಲು ಒಳಹೊಗುತ್ತದೆ, ಹಾಗಾಗಿ ಮರದ ಕೊರಡಿನಿಂದ ನಡುವಿಗೆ ಒಂದು ಪೆಟ್ಟು ಕೊಟ್ಟು ಎರಡು ಹೋಳು ಮಾಡಿ. ಒಳಗೆ 25ರಿಂದ 45 ಬೀಜ ಗೊಂಚಲಾಗಿ ಇರುತ್ತವೆ. ನಡುವಿನ ದಿಂಡು ತೆಗೆದು ಬೀಜವನ್ನು ತಿರುಳಿನ ಸಮೇತ ಬಿಡಿಸಿ.

ಮುಂದಿನದು ಹುಳಿ ಬರಿಸುವುದು. ಬೆತ್ತದ ಅಥವಾ ಬಿದಿರಿನ ಬುಟ್ಟಿಗೆ ಬಾಳೆ ಎಲೆ ಹಾಸಿ, ನೀರಿಳಿಯಲು ಎಲೆಯನ್ನು ಅಲ್ಲಲ್ಲಿ ಸೀಳಿ, ಬೀಜ ತುಂಬಿ, ಮೇಲೆ ಬಾಳೆ ಎಲೆ ಮುಚ್ಚಿ ಗೋಣಿ ಹೊದಿಸಿ. ಹಸಿಬೀಜ 5 ಕೆ.ಜಿ.ಯಾದರೂ ಇದ್ದರೆ ಒಳಗೆ ಶಾಖ ಚೆನ್ನಾಗಿ ಹುಟ್ಟುತ್ತದೆ. ಒಂದು ಕೆ.ಜಿ.ಯಲ್ಲಿ ಮಾಡಲು ಹೋದರೆ ಬಿಸಿಯಾಗದೆ ಕೊಳೆಯುತ್ತದೆ. ಮೊದಲ ದಿನ ಹೆಂಡದ ವಾಸನೆ, ಮೂರನೇ ದಿನಕ್ಕೆ ಕಟುವಾದ ವಿನೆಗರ್ ವಾಸನೆ. ಕೈಯಿಟ್ಟರೆ ಸ್ನಾನದ ನೀರಿನಷ್ಟು ಬಿಸಿ ಇರಬೇಕು. ಮೂರನೇ ದಿನ ಮತ್ತು ಐದನೇ ದಿನ ಮೇಲೆ ಕೆಳಗೆ ಮಗುಚಿ. ಐದಾರು ದಿನಕ್ಕೆ ಬೀಜ ಉಬ್ಬಿ ಕಂದಾಗುತ್ತದೆ. ಒಂದನ್ನು ಉದ್ದಕ್ಕೆ ಸೀಳಿ ನೋಡಿ: ನೇರಳೆ ಬಣ್ಣ ಅಂಚಿನಿಂದ ಕಂದಿಗೆ ತಿರುಗಿದ್ದರೆ ಆಯಿತು. ಹುಳಿ ಬರುವಾಗ ಫ್ಲೇವನಾಲ್ ಒಂದಿಷ್ಟು ಕಡಿಮೆಯಾಗುತ್ತದೆ ನಿಜ. ಆದರೆ ಇದಿಲ್ಲದೆ ಚಾಕೊಲೇಟಿನ ಪರಿಮಳವೇ ಹುಟ್ಟುವುದಿಲ್ಲ, ಬೀಜ ಬಾಯಿಗಿಡಲಾಗದಷ್ಟು ಕಹಿ. ಆರನೇ ದಿನಕ್ಕಿಂತ ಮುಂದೆ ಬಿಡದಿರುವುದೇ ಸರಿಯಾದ ನಡುದಾರಿ.

ಒಣಗಿಸುವಾಗ ಅಡಿಕೆ ಹರವಿದ ಅಂಗಳದಲ್ಲೇ ಒಂದು ಮೂಲೆ ಕೊಡುವುದು ಸುಲಭ. ಹಾಗೆ ಮಾಡಬೇಡಿ. ಧೂಳು ಏಳದ ಕಡೆ, ರಸ್ತೆಯಿಂದ ದೂರ, ನೆಲದಿಂದ ಎತ್ತರಕ್ಕೆ ಚಪ್ಪರದ ಮೇಲೆ ಸ್ವಚ್ಛ ಚಾಪೆ ಹಾಸಿ. ಮೊದಲ ಎರಡು ದಿನ ಆಗಾಗ ಕೈಯಾಡಿಸಿ. ಸಂಜೆ ಮಂಜು ಬೀಳುವ ಮೊದಲು ಒಳಗೆ ತನ್ನಿ. ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಒಣಗಿಸಿದರೆ ಆ ಹೊಗೆ ವಾಸನೆ ಕೊನೆವರೆಗೂ ಹೋಗುವುದಿಲ್ಲ, ಹೊಗೆಯ ಹಾನಿಕರ ಅಂಶಗಳೂ ಸೇರುತ್ತವೆ. ಒಳ್ಳೆಯ ಬಿಸಿಲಿದ್ದರೆ ಒಂದು ವಾರ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಚಟಪಟ ಸದ್ದು ಬರಬೇಕು, ತೂಕ ಹಸಿಯ ಮೂರನೇ ಒಂದು ಭಾಗಕ್ಕೆ ಹತ್ತಿರ ಇಳಿದಿರಬೇಕು. ಒಳಗೆ ಬಿಳಿ ಅಥವಾ ಹಸಿರು ಬೂಸಲು ಕಂಡ ಬೀಜವನ್ನು ಮುಲಾಜಿಲ್ಲದೆ ಎಸೆಯಿರಿ, ಹುರಿದರೆ ಬೂಸಲಿನ ವಿಷ ಹೋಗುವುದಿಲ್ಲ.

ಹುರಿಯಲು ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಇಪ್ಪತ್ತು ಇಪ್ಪತ್ತೈದು ನಿಮಿಷ, ಕೈ ಬಿಡದೆ ಮಗುಚಬೇಕು. ಓವನ್ ಇದ್ದರೆ 120–130 ಡಿಗ್ರಿಯಲ್ಲಿ ಅಷ್ಟೇ ಹೊತ್ತು. ಮೊದಲು ಹುಳಿ ವಾಸನೆ ಏಳುತ್ತದೆ, ಅದು ಆರಿ ಕೇಕಿನ ಪರಿಮಳ ಬರುವಾಗ ಸಿಪ್ಪೆ ಸಿಡಿಯತೊಡಗುತ್ತದೆ. ಅಲ್ಲಿಗೆ ಇಳಿಸಿ. ಕಪ್ಪಾಗುವಷ್ಟು ಹುರಿದರೆ ಗುಣವೂ ಹೋಯಿತು, ರುಚಿಯೂ ಹೋಯಿತು. ಹುರಿಯದ ಹಸಿ ಕೋಕೋ ಒಳ್ಳೆಯದೆಂದು ಹೇಳುವವರಿದ್ದಾರೆ. ಹುಳಿ ಬರಿಸಿ ಬಯಲಲ್ಲಿ ಒಣಗಿಸಿದ ಬೀಜದ ಮೇಲೆ ರೋಗಾಣುಗಳಿರಬಹುದು, ಹಾಗಾಗಿ ಹುರಿಯುವುದನ್ನು ಬಿಡಬೇಡಿ.

ಬೆಚ್ಚಗಿರುವಾಗಲೇ ಸಿಪ್ಪೆ ಸುಲಿದು, ಮೊರದಲ್ಲಿ ಕೇರಿ. ಸಿಪ್ಪೆಯ ಚೂರೂ ಉಳಿಯಬಾರದು, ಸೀಸ ಇದ್ದರೆ ಹೆಚ್ಚಾಗಿ ಅಂಟಿಕೊಂಡಿರುವುದು ಅದರಲ್ಲೇ. ಉಳಿದ ತುಣುಕನ್ನು ಒಂದು ಹನಿ ನೀರೂ ಇಲ್ಲದ ಮಿಕ್ಸಿ ಜಾರಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಬದಿಗೆ ಮೆತ್ತುತ್ತದೆ, ಕೆರೆದು ತಿರುಗಿಸುತ್ತ ಹೋದರೆ ಜಿಡ್ಡು ಬಿಟ್ಟುಕೊಂಡು ಹೊಳೆಯುವ ಗಟ್ಟಿ ರಸವಾಗುತ್ತದೆ. ಬೀಜದ ಅರ್ಧಕ್ಕರ್ಧ ತೂಕ ಕೊಬ್ಬೇ ಆದ್ದರಿಂದ ಎಣ್ಣೆ ಸೇರಿಸುವ ಅಗತ್ಯವಿಲ್ಲ. ಮಿಕ್ಸಿ ಕಾದರೆ ನಿಲ್ಲಿಸಿ. ಈ ರಸವನ್ನು ತಟ್ಟೆಗೆ ಹೊಯ್ದು ಆರಿದ ಮೇಲೆ ತುಂಡು ಮಾಡಿ, ಅಥವಾ ಅರೆಗಟ್ಟಿಯಾದಾಗ ಸಣ್ಣ ಉಂಡೆ ಕಟ್ಟಿ. ಬೆಲ್ಲ ಈಗ ಹಾಕಬೇಡಿ, ಅದರಲ್ಲೂ ಜೋನಿ ಬೆಲ್ಲ. ಅದರಲ್ಲಿರುವ ನೀರು ತಾಗಿದ ಕೂಡಲೇ ರಸ ಗಂಟುಗಂಟಾಗಿ ಬಿಗಿಯುತ್ತದೆ.

ಹಂತ 6: ಕೋಕೋ ಕಷಾಯ

ಪನಾಮಾದ ಸಾನ್ ಬ್ಲಾಸ್ ದ್ವೀಪಗಳ ಕೂನಾ ಜನ ದಿನಾ ಕೋಕೋ ಕುಡಿಯುತ್ತಿದ್ದರು. ಅವರಲ್ಲಿ ವಯಸ್ಸಾದಂತೆ ಬಿಪಿ ಏರುತ್ತಿರಲಿಲ್ಲ, ನಗರಕ್ಕೆ ವಲಸೆ ಹೋದವರಲ್ಲಿ ಏರುತ್ತಿತ್ತು. ಹಾರ್ವರ್ಡ್‌ನ ವೈದ್ಯ ನಾರ್ಮನ್ ಹಾಲೆನ್‌ಬರ್ಗ್ ಇದನ್ನು ಗಮನಿಸಿದ್ದರಿಂದಲೇ ಕೋಕೋ ಸಂಶೋಧನೆಗೆ ಚುರುಕು ಬಂತು. ಕೋಕೋವನ್ನು ತಿನ್ನುವುದಕ್ಕಿಂತ ಕುಡಿಯುವುದು ಹಳೆಯ ಪದ್ಧತಿ. ಸಂಜೆ ಕಷಾಯ ಕುಡಿಯುವ ಮಲೆನಾಡಿನ ಮನೆಗಳಿಗೆ ಅದು ಹೊಸ ಅಭ್ಯಾಸವೇನೂ ಅಲ್ಲ.

ಒಂದು ಲೋಟ ನೀರಿಗೆ ಎರಡು ಕಾಳುಮೆಣಸು, ಒಂದು ಏಲಕ್ಕಿ ಜಜ್ಜಿ ಹಾಕಿ ಕುದಿಸಿ. ಉರಿ ಆರಿಸಿ ಒಂದು ನಿಮಿಷ ಬಿಟ್ಟು, 10 ಗ್ರಾಂ ಕೋಕೋ ಉಂಡೆ ತುರಿದು ಹಾಕಿ ಅಥವಾ ಒಂದು ದೊಡ್ಡ ಚಮಚ ಸಾದಾ ಪುಡಿ ಬೆರೆಸಿ. ಕಡೆಗೋಲಿನಿಂದ ನೊರೆ ಬರುವಂತೆ ಕಡೆಯಿರಿ, ಇಲ್ಲವಾದರೆ ಜಿಡ್ಡು ಮೇಲೆ ನಿಲ್ಲುತ್ತದೆ. ಒಂದು ಚಿಟಿಕೆ ಉಪ್ಪು ಹಾಕಿದರೆ ಕಹಿ ತಗ್ಗುತ್ತದೆ. ಜೋನಿ ಬೆಲ್ಲ ಒಂದು ಚಿಕ್ಕ ಚಮಚ ಸಾಕು. ಬೆಲ್ಲವೂ ಸಕ್ಕರೆಯೇ, ಶುಗರ್ ಇರುವವರಿಗೆ ಅದೂ ಬೇಡ.

ಹಾಲು ಹಾಕಿದರೆ ಗುಣ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಪ್ರಯೋಗಗಳು ಎರಡೂ ಬಗೆಯ ಉತ್ತರ ಕೊಟ್ಟಿವೆ. ಅರ್ಧ ಹಾಲು ಅರ್ಧ ನೀರು ಹಾಕಿಕೊಳ್ಳಲು ಅಡ್ಡಿಯಿಲ್ಲ. ಬಾಳೆಹಣ್ಣಿನ ವಿಷಯ ಮಾತ್ರ ಗಮನವಿರಲಿ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಾಳೆಹಣ್ಣು ಸೇರಿಸಿ ತಿರುಗಿಸಿದ ಪೇಯ ಕುಡಿದವರ ರಕ್ತದಲ್ಲಿ ಫ್ಲೇವನಾಲ್ ಮಟ್ಟ, ಫ್ಲೇವನಾಲ್ ಕ್ಯಾಪ್ಸೂಲ್ ಮಾತ್ರ ತೆಗೆದುಕೊಂಡಾಗಿನದಕ್ಕಿಂತ ಶೇ 84ರಷ್ಟು ಕಡಿಮೆ ಇತ್ತು. ಹಣ್ಣು ಕುಯ್ದಾಗ ಕಪ್ಪಾಗಿಸುವ ಕಿಣ್ವವೇ ಅದಕ್ಕೆ ಕಾರಣ. ಬಾಳೆಹಣ್ಣು-ಕೋಕೋ ಮಿಲ್ಕ್‌ಶೇಕ್ ರುಚಿಗೆ ಕುಡಿಯಿರಿ, ಆರೋಗ್ಯದ ಲೆಕ್ಕಕ್ಕೆ ಬರೆಯಬೇಡಿ.

ಹಂತ 7: ಯಾರು ಜಾಗ್ರತೆ ವಹಿಸಬೇಕು

ಕಿಡ್ನಿ ಕಲ್ಲು, ಅದರಲ್ಲೂ ಆಕ್ಸಲೇಟ್ ಕಲ್ಲು ಆದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ, ಕೋಕೋದಲ್ಲಿ ಆಕ್ಸಲೇಟ್ ಹೆಚ್ಚು. ಎದೆಯುರಿ, ಹುಳಿತೇಗು ಇರುವವರಿಗೆ ರಾತ್ರಿಯ ಚಾಕೊಲೇಟ್ ಆಗಿಬರುವುದಿಲ್ಲ. ಅರೆತಲೆನೋವು ಇರುವ ಕೆಲವರಿಗೆ ಇದು ನೋವು ಕೆರಳಿಸುತ್ತದೆ, ತಿಂದ ದಿನ ಬರೆದಿಟ್ಟು ನೋಡಿ.

ರಕ್ತಹೀನತೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಡಾರ್ಕ್ ಚಾಕೊಲೇಟ್‌ನಲ್ಲಿ ಕಬ್ಬಿಣಾಂಶ ಹೇರಳ ಎಂದು ಓದಿ ಹೆಣ್ಣುಮಕ್ಕಳಿಗೆ ತಿನ್ನಿಸುವವರಿದ್ದಾರೆ. ಕಬ್ಬಿಣ ಇರುವುದು ನಿಜ, ಮೈಗೆ ಹತ್ತುವುದು ಕಡಿಮೆ. ಅಷ್ಟೇ ಅಲ್ಲ, ಕೋಕೋದ ಒಗರಿನ ಅಂಶಗಳು ಊಟದ, ಮಾತ್ರೆಯ ಕಬ್ಬಿಣವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆ ನುಂಗುವವರು ಕೋಕೋ, ಕಾಫಿ, ಚಹಾ ಮೂರನ್ನೂ ಅದರಿಂದ ಎರಡು ಗಂಟೆ ದೂರ ಇಡಿ.

ಬಿಪಿ ಇರುವವರು ಕೋಕೋ ಶುರು ಮಾಡುವ ಮೊದಲು ಒಂದು ವಾರ, ಶುರು ಮಾಡಿ ಒಂದು ತಿಂಗಳಾದ ಮೇಲೆ ಒಂದು ವಾರ, ದಿನದ ಒಂದೇ ಹೊತ್ತಿಗೆ ಬಿಪಿ ನೋಡಿ ಬರೆದಿಡಿ. ಆ ಚೀಟಿಯನ್ನು ಮುಂದಿನ ಸಲ ಡಾಕ್ಟರಿಗೆ ತೋರಿಸಿ. ತೂಕವನ್ನೂ ಜೊತೆಗೇ ಬರೆಯಿರಿ. ತೂಕ ಏರಿದ್ದರೆ ಪ್ರಮಾಣ ಅರ್ಧಕ್ಕಿಳಿಸಿ.

ಹಂತ 8: ಮಳೆಗಾಲದಲ್ಲಿ ಕಾಪಿಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲೇ ನೀರಿರುತ್ತದೆ. ಬಿಡಿಯಾಗಿಟ್ಟ ಚಾಕೊಲೇಟ್ ತೇವ ಎಳೆದುಕೊಂಡು ಮೇಲೆ ಸಕ್ಕರೆಯ ಬಿಳಿ ಪದರ ಕಟ್ಟುತ್ತದೆ. ಬೇಸಿಗೆಯಲ್ಲಿ ಕರಗಿ ಮತ್ತೆ ಗಟ್ಟಿಯಾದರೆ ಕೊಬ್ಬಿನ ಬೂದು ಪದರ ಬರುತ್ತದೆ. ಎರಡೂ ನೋಡಲು ಚೆನ್ನಾಗಿರುವುದಿಲ್ಲ, ತಿನ್ನಲು ಅಪಾಯವಿಲ್ಲ. ನೂಲಿನಂತೆ ಎದ್ದ ಬೂಸಲು ಮತ್ತು ಮುಗ್ಗಲು ವಾಸನೆ ಇದ್ದರೆ ಮಾತ್ರ ಬಿಸಾಡಿ. ಗಾಳಿಯಾಡದ ಸ್ಟೀಲ್ ಅಥವಾ ಗಾಜಿನ ಡಬ್ಬಿಯಲ್ಲಿ, ಒಲೆಯಿಂದ ದೂರದ ಕಪಾಟಿನಲ್ಲಿ ಇಡಿ. ಕೋಕೋ ಬೆಣ್ಣೆ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಮಸಾಲೆ ಪುಡಿ, ಉಪ್ಪಿನಕಾಯಿ ಹತ್ತಿರ ಬೇಡ. ಫ್ರಿಜ್‌ನಲ್ಲಿಟ್ಟರೆ ಹೊರತೆಗೆದ ಡಬ್ಬಿಯನ್ನು ಅರ್ಧ ಗಂಟೆ ಮುಚ್ಚಿಯೇ ಇಟ್ಟು ಆಮೇಲೆ ತೆರೆಯಿರಿ.

ಡಬ್ಬಿ ಎತ್ತರದಲ್ಲಿರಲಿ, ಮನೆಯ ನಾಯಿಗೆ ಸಿಗಬಾರದು. ಥಿಯೋಬ್ರೋಮಿನ್ ನಮ್ಮ ಮೈಯಿಂದ ಬೇಗ ಹೊರಹೋಗುತ್ತದೆ, ನಾಯಿಯ ಮೈಯಿಂದ ಹೋಗುವುದು ತೀರಾ ನಿಧಾನ. ಚಾಕೊಲೇಟ್ ಕಹಿಯಾದಷ್ಟೂ ವಿಷ ಹೆಚ್ಚು, ಮನೆಯಲ್ಲಿ ಮಾಡಿದ ಉಂಡೆಯಂತೂ ಅಂಗಡಿಯ ಬಾರ್‌ಗಿಂತ ಅಪಾಯ. ತೋಟದ ಗೊಬ್ಬರದ ಗುಂಡಿಗೆ ಹಾಕಿದ ಬೀಜದ ಸಿಪ್ಪೆಯಲ್ಲೂ ಥಿಯೋಬ್ರೋಮಿನ್ ಇರುತ್ತದೆ, ಮೇಲೆ ಮಣ್ಣು ಮುಚ್ಚಿ. ನಾಯಿ ತಿಂದದ್ದು ಗೊತ್ತಾದರೆ ವಾಂತಿ, ನಡುಕ ಶುರುವಾಗಲೆಂದು ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ನಾಯಿಯ ತೂಕ, ಚಾಕೊಲೇಟಿನ ಶೇಕಡಾವಾರು, ಅಂದಾಜು ಎಷ್ಟು ಗ್ರಾಂ, ತಿಂದು ಎಷ್ಟು ಹೊತ್ತಾಯಿತು ಎಂಬ ನಾಲ್ಕನ್ನು ಮೊದಲೇ ಹೇಳಿದರೆ ಅವರಿಗೆ ಚಿಕಿತ್ಸೆ ತೀರ್ಮಾನಿಸಲು ಸುಲಭ.